ದಿನ್ನಿಯ ಮೇಲಿನ ಬಿಳಿ ಗುರುತು

ಆಗ ನನಗೆ ಇಪ್ಪತ್ತೊಂದು ವರ್ಷ ಇದ್ದೀತು. ಹುಟ್ಟಿದ ದಿನವನ್ನು ಯಾರೂ ನೆನಪಿಟ್ಟಿಲ್ಲ. ಈಗ ಹೇಳುವುದು ನಡೆದು ಐವತ್ತು ವರ್ಷವಂತೂ ಆಯಿತು. ನನ್ನ ಸಾಲಿಯ ಓದು ಎರಡನೇ ಇಯತ್ತೆಗೇ ಮುಗಿದದ್ದು. ಉದ್ದ ಬರೆಯುವ ರೂಢಿಯಿಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೊನ್ನೆ ಪಂಚಾಯಿತಿಯವರು ನಮ್ಮ ಓಣಿಗೆ ಬಂದು ಒಂದೊಂದು ಮನೆಯ ಸುತ್ತಲೂ ಸುಣ್ಣದ ಗೆರೆ ಎಳೆದರು. ಡ್ರೋನ್ ಹಾರಿಸಿ ಮೇಲಿನಿಂದ ಫೋಟೋ ತೆಗೆಯುತ್ತಾರಂತೆ, ಯಾರ ಜಾಗ ಎಲ್ಲಿಯವರೆಗೆ ಎಂದು ಅದರಲ್ಲಿ ಕಾಣುತ್ತದಂತೆ. ಹಿಂದಿನ ದಿನ ಸಣ್ಣ ಮಳೆಯಾಗಿತ್ತು. ಹಸಿ ಎರೆಮಣ್ಣಿನ ಮೇಲೆ ಸುಣ್ಣ ಬಿದ್ದರೆ ಒಂದು ವಾಸನೆ ಏಳುತ್ತದೆ, ಗಂಟಲಿಗೆ ಹೋಗಿ ಕೂಡುವಂಥದ್ದು. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಗೆರೆ ಎಳೆಯುವವನು, "ಅಜ್ಜಿ, ಅದರ ಮ್ಯಾಲ ಕಾಲ ಇಡಬ್ಯಾಡ್ರಿ. ಅಳಿಸಿ ಹ್ವಾದ್ರ ಫೋಟೋದಾಗ ಬರೂದಿಲ್ಲ" ಎಂದ. "ಗೊತ್ತೈತಿ ತಗೋ, ನನಗ ಇದು ಹೊಸಾದಲ್ಲ" ಎಂದೆ. ಅವನು ನಕ್ಕ. ಮುದುಕಿ ಏನೋ ಅನ್ನುತ್ತಾಳೆ ಎಂದು ನಕ್ಕಿರಬೇಕು.

ನಮ್ಮೂರು ಸವಣೂರ ತಾಲೂಕಿನದು, ಹತ್ತಿಮತ್ತೂರಿಗೆ ನಡೆದು ಹೋಗುವಷ್ಟು ದೂರ. ನಾವು ಅಗಸರು. ಊರಿಗೆಲ್ಲ ನಮ್ಮದೊಂದೇ ಮನೆ. ಊರಿನ ಬಟ್ಟೆ ಒಗೆಯುವುದು, ಸಂಜೆ ಬುಟ್ಟಿ ಹಿಡಿದು ಮನೆ ಮನೆಗೆ ಹೋಗಿ ರೊಟ್ಟಿ ಇಸಿದುಕೊಳ್ಳುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ತರುವುದು. ಬುಟ್ಟಿ ಹಿಡಿಯುವುದು ಸೊಸೆಯ ಕೆಲಸ. ಬುಟ್ಟಿಗೆ ಬಿಸಿ ರೊಟ್ಟಿ ಯಾರೂ ಹಾಕುವುದಿಲ್ಲ. ಹಾಕುವ ತಂಗಳ ಜೊತೆಗೆ ಒಂದು ಮಾತೂ ಹಾಕುತ್ತಾರೆ: ಧೋತರದ ಅಂಚು ಹರಿದಿದೆ, ಸೀರೆಯ ಕಲೆ ಹಾಗೇ ಉಳಿದಿದೆ, ಕುಪ್ಪಸ ಒಂದು ಕಡಿಮೆ ಬಂದಿದೆ. ಮದುವೆಯಾಗಿ ಬಂದ ಮೊದಲ ವರ್ಷ ಅಳುತ್ತಿದ್ದೆ. ಆಮೇಲೆ ಅಳುವುದು ಬಿಟ್ಟೆ, ಹಸಿವು ಮಾತ್ರ ಬಿಡಲಿಲ್ಲ.

ಇನ್ನೊಂದು ಕೆಲಸ ನಡೆಮಡಿ. ಮದುವೆಯಲ್ಲಿ ಮದುಮಕ್ಕಳ ಮುಂದೆ, ಸತ್ತವರನ್ನು ಒಯ್ಯುವಾಗ ಹೆಣದ ಮುಂದೆ, ನೆಲದ ಮೇಲೆ ಬಿಳಿ ಬಟ್ಟೆ ಹಾಸುತ್ತ ಹೋಗಬೇಕು. ಹೊತ್ತವರು ದಾಟಿದ ಕೂಡಲೇ ಹಿಂದಿನದನ್ನು ಎತ್ತಿಕೊಂಡು ಓಡಿಬಂದು ಮತ್ತೆ ಮುಂದೆ ಹಾಸಬೇಕು. ಹೀಗೆ ಮನೆಯಿಂದ ಹೂಳುವ ಕುಣಿಯವರೆಗೆ. ಅದಕ್ಕೆಂದೇ ಊರಿನವರು ಕೂಡಿ ಕೊಟ್ಟ ಉದ್ದನೆಯ ಬಿಳಿ ಬಟ್ಟೆಗಳು ನಮ್ಮ ಮನೆಯಲ್ಲಿ ಗಂಟು ಕಟ್ಟಿ ಇರುತ್ತಿದ್ದವು. ಇರುವುದು ನಮ್ಮಲ್ಲಿ, ಬಟ್ಟೆ ಊರಿನದು. ಕೇರಿಯವರಿಗೆ ಅದನ್ನು ಹಾಸುತ್ತಿರಲಿಲ್ಲ. ನಮ್ಮವರು ಸತ್ತರೆ ನಮಗೂ ಇಲ್ಲ. ಹಾಗಿತ್ತು.

ಆ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ಸರ್ವೇದವರು ಬಂದರು. ಅವರ ಡೇರೆಗಳು ಶಿಗ್ಗಾವಿಯ ಹತ್ತಿರ. ಸಾಹೇಬರು ಯಾವುದೋ ದೂರದ ಸೀಮೆಯವರು, ಹಿಂದಿ ಬಿಟ್ಟರೆ ಬೇರೆ ಬಾರದು. ಅವರ ಮಾತನ್ನು ನಮಗೆ ತಿಳಿಸುತ್ತಿದ್ದವನು ಖಾದರಸಾಬ, ಬಂಕಾಪುರದವನು, ಅವರಲ್ಲಿ ಖಲಾಸಿ. ಖಲಾಸಿ ಎಂದರೆ ಡೇರೆ ಹೊಡೆಯುವುದು, ಸಾಮಾನು ಹೊರುವುದು, ಅಳತೆಗೆ ಕೋಲು ಹಿಡಿದು ನಿಲ್ಲುವುದು. ತಿಂಗಳಿಗೆ ಪಗಾರ, ಕಾಕಿ ಅಂಗಿ, ಊರಿಂದ ಊರಿಗೆ ತಿರುಗಾಟ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಇಷ್ಟೂ ಸೀಮೆಯನ್ನು ವಿಮಾನದಿಂದ ಫೋಟೋ ಹಿಡಿದು ಹೊಸ ನಕಾಶೆ ಮಾಡುತ್ತಾರೆ ಎಂದು ಅವನೇ ಹೇಳಿದ. ಫೋಟೋದಲ್ಲಿ ಯಾವ ಜಾಗ ಯಾವುದು ಎಂದು ತಿಳಿಯಲು ಅಲ್ಲಲ್ಲಿ ನೆಲದ ಮೇಲೆ ದೊಡ್ಡ ಬಿಳಿ ಗುರುತು ಹಾಕಬೇಕು, ಲೆಕ್ಕದಲ್ಲಿ ಕೂಡಿಸುವಾಗ ಬರೆಯುತ್ತಾರಲ್ಲ, ಅಂಥದ್ದು. ಒಂದು ತಡಸದ ಹತ್ತಿರ ಬಂಡೆಯ ಮೇಲೆ, ಒಂದು ಹಾನಗಲ್ಲಿನ ಆಚೆ, ಒಂದೆರಡು ಹಿರೇಕೆರೂರ ಕಡೆ. ನಮ್ಮೂರಿನದು ಊರ ಹೊರಗಿನ ದಿನ್ನಿಯ ಮೇಲೆ. ಒಂದೊಂದು ಗುರುತಿಗೆ ಒಬ್ಬ ಕಾವಲುಗಾರ. ನಮ್ಮಲ್ಲಿ ನನ್ನ ಗಂಡ ನಿಂತ. ಗಂಡನ ಹೆಸರು ಹೇಳಬಾರದು ಎನ್ನುತ್ತಿದ್ದರು. ಈಗ ಸತ್ತು ಹೋಗಿದ್ದಾನೆ, ಹೇಳಿದರೆ ಏನಾಗುತ್ತದೆ. ಫಕೀರಪ್ಪ.

ಖಾದರಸಾಬ ಮಾತಿನ ಮನುಷ್ಯ. ಸೈಕಲ್ಲಿನ ಮೇಲೆ ಬರುತ್ತಿದ್ದ, ನಮ್ಮ ಕಟ್ಟೆಗೆ ಕೂತು ಚಹಾ ಕುಡಿಯುತ್ತಿದ್ದ. ನಮ್ಮ ಮನೆಯ ಚಹಾ ಕುಡಿಯುವವರು ಊರಲ್ಲಿ ಯಾರೂ ಇರಲಿಲ್ಲ.

"ವಿಮಾನದ ಹೊಟ್ಟ್ಯಾಗ ಒಂದು ತೂತು ಇರತೈತಿ. ಆ ತೂತಿನ ಮ್ಯಾಲ ಕ್ಯಾಮೆರಾ ಕುಂದರ್ಸಿರ್ತಾರ, ಬೀಸೂಕಲ್ಲಿಗಿಂತ ವಜ್ಜಾ. ನೆಟ್ಟಗ ಕೆಳಗ ನೋಡ್ಕೋಂತ, ತನ್ನಷ್ಟಕ್ಕ ತಾನ ಫೋಟೋ ಹೊಡ್ಕೋಂತ ಹೋಗತೈತಿ. ಫಿಲ್ಮು ಒಂದ ಗೇಣ ಅಗಲ, ಉದ್ದ ಅಂದ್ರ ನಿಮ್ಮ ಓಣಿ ಉದ್ದ. ಪರದೇಶದಿಂದ ತರಸ್ತಾರ. ಅಂಗೈ ಅಗಲ ಮೋಡ ಅಡ್ಡ ಬಂದ್ರ ಅಷ್ಟೂ ದಂಡ. ಅದಕ್ಕ ಮುಗಲು ಪೂರಾ ಸ್ವಚ್ಛ ಆಗೂತನಕ ಅವರು ಬರೂದಿಲ್ಲ. ಫೋಟೋ ಹೊಡದ ಮ್ಯಾಲ ಫಿಲ್ಮು ಔಷಧದ ನೀರಾಗ ತೊಳದು ಒಣಗಹಾಕ್ತಾರ."

"ತೊಳ್ಯಾವ್ರು ಯಾರ್ರಿ, ಅಗಸರೇನು?" ಎಂದೆ.

"ಕೆಲಸ ಅದ ತಂಗಿ, ಪಗಾರ ಬ್ಯಾರೆ. ನೀವು ಬಿಸಲಾಗ ತೊಳೀತೀರಿ, ಅವರು ಕತ್ತಲ್ಯಾಗ ತೊಳೀತಾರ."

"ಕತ್ತಲ್ಯಾಗ ತೊಳದ್ರ ಕಲೆ ಹೋತೋ ಇಲ್ಲೋ ಹೆಂಗ ತಿಳೀಬೇಕು?"

"ಅವರಿಗೆ ಕಲೆ ಹೋಗೂದ ಬ್ಯಾಡವಾ. ಕಲೆ ಬರಬೇಕು."

ನನ್ನ ಮಾವ ಹನಮಪ್ಪ ಮೂಲೆಯಲ್ಲಿ ಕೂತು ಕೇಳುತ್ತಿದ್ದ. "ಅಂಥಾ ಕೆಲಸ ನಮಗ ಸಿಕ್ಕಿದ್ರ ಊರ ಬೈಗಳ ತಪ್ಪತಿತ್ತು" ಎಂದ. ಅವನು ತಮಾಷೆ ಮಾಡಿದ್ದು ನಾನು ಕೇಳಿದ್ದು ಅಪರೂಪ.

ತಮಾಷೆಯ ಹಿಂದೆ ಒಂದು ವಿಷಯ ಇತ್ತು. ಸೀಸನ್ ಮುಗಿದ ಮೇಲೆ ಕಾವಲುಗಾರರಲ್ಲಿ ಒಬ್ಬನನ್ನು ಖಲಾಸಿಯಾಗಿ ಇಟ್ಟುಕೊಂಡು ಹೋಗುತ್ತೇವೆ, ಯಾರ ಗುರುತು ಫೋಟೋದಲ್ಲಿ ಚೆನ್ನಾಗಿ ಬರುತ್ತದೋ ಅವನನ್ನು, ಎಂದು ಸಾಹೇಬರು ಹೇಳಿದ್ದರು. ಫಕೀರಪ್ಪನಿಗೆ ಅವತ್ತಿನಿಂದ ಬೇರೆ ಮಾತೇ ಇಲ್ಲ. "ಅಲ್ಲಿ ಯಾರ ಮನಿಯಾಂವ ಅಂತ ಕೇಳೂದಿಲ್ಲ. ಕೋಲ ನೆಟ್ಟಗ ಹಿಡದ್ಯೋ ಇಲ್ಲೋ ಅಂತ ಕೇಳ್ತಾರ. ನೀ ಬುಟ್ಟಿ ಬಿಡಬಹುದು" ಎಂದು ನನಗೆ ಹೇಳಿದ. ನನಗೂ ಅದೇ ಬೇಕಾಗಿತ್ತು. ಬುಟ್ಟಿಯನ್ನು ಒಲೆಗೆ ಹಾಕಿ ಅದರ ಉರಿಯಲ್ಲಿ ರೊಟ್ಟಿ ಸುಡಬೇಕು ಎಂದುಕೊಂಡಿದ್ದೆ.

ಆದರೆ ಆ ವರ್ಷ ಮಳೆ ಹೋಗಲೊಲ್ಲದು. ಸುಣ್ಣದಲ್ಲಿ ಗುರುತು ಬಳಿದೆವು, ಎರಡು ದಿನದಲ್ಲಿ ಮಳೆ ತೊಳೆದು ಬೂದಿಯಂತೆ ಮಾಡಿತು. ಮತ್ತೆ ಬಳಿದೆವು. ದನ ತುಳಿದವು, ಮತ್ತೆ ಮಳೆ. ಬಂಡೆಯ ಮೇಲೆ ಸುಣ್ಣ ನಿಲ್ಲುತ್ತದೆ, ನಮ್ಮ ದಿನ್ನಿಯ ಕರಿಮಣ್ಣು ಅದನ್ನು ಕುಡಿದುಬಿಡುತ್ತದೆ. ತಡಸದವನ ಗುರುತು ಬೆಳ್ಳಗೆ ಕೂತಿದೆ ಎಂದು ಖಾದರಸಾಬ ಹೇಳಿದ. ಮರುದಿನ ಫಕೀರಪ್ಪ ನಡೆಮಡಿಯ ಗಂಟನ್ನು ಕೆಳಗಿಳಿಸಿದ.

"ಅದನ್ಯಾಕ ಮುಟ್ಟಾಕತ್ತೀಯೋ?" ಎಂದ ಮಾವ.

"ಗುರ್ತಿಗೆ ಹಾಸ್ತೇನಿ. ಬಟ್ಟಿ ಆದ್ರ ಮಳೀಗೆ ಹೋಗೂದಿಲ್ಲ, ಹೊಲಸಾದ್ರ ಒಗೀಬಹುದು."

"ಊರ ಬಟ್ಟಿ ಅದು."

"ಈಗ ಲಗ್ನ ಇಲ್ಲ, ಮುಂಜಿ ಇಲ್ಲ. ಗಂಟ ಕಟ್ಟಿಟ್ರ ಇಲಿ ಕಡೀತಾವ."

"ಯಾರರ ಸತ್ರ?"

"ಯಾರೂ ಸಾಯೂದಿಲ್ಲ ಬಿಡಪ್ಪಾ."

ಅವನು ಅಂದದ್ದು ಅಷ್ಟೇ. ಮಾವ ತಡೆಯಲಿಲ್ಲ. ಮಗನಿಗೆ ಪಗಾರ ಬರುವುದು ಅವನಿಗೂ ಬೇಡವಾಗಿರಲಿಲ್ಲ. ಪಟ್ಟಿಗಳನ್ನು ಎರಡೆರಡು ಜೋಡಿಸಿ, ಅಂಚಿಗೆ ಕಲ್ಲು ಹೇರಿ, ದಿನ್ನಿಯ ಮೇಲೆ ಗುರುತು ಹಾಸಿದೆವು. ದೂರದಿಂದ ನೋಡಿದರೆ ಯಾವುದೋ ದೊಡ್ಡ ಮದುವೆಗೆ ಹಾಸಿ ಜನ ಬಾರದೆ ಹಾಗೇ ಬಿಟ್ಟಂತೆ ಕಾಣುತ್ತಿತ್ತು.

ಸಾಹೇಬರು ಜೀಪಿನಲ್ಲಿ ಬಂದು ನೋಡಿ ಖುಷಿಪಟ್ಟರು. ಬೇರೆ ಯಾರಿಗೂ ಇದು ಹೊಳೆದಿಲ್ಲ ಎಂದರು. ಬಟ್ಟೆ ಯಾರದು ಎಂದು ಖಾದರಸಾಬನ ಕಡೆಯಿಂದ ಕೇಳಿಸಿದರು. "ನಮ್ದ ರೀ" ಎಂದ ಫಕೀರಪ್ಪ. ಸಾಹೇಬರು ಅವನ ಬೆನ್ನು ತಟ್ಟಿ, ಚೀಲದಿಂದ ಹಿಂದೆ ಯಾವಾಗಲೋ ಹಾನಗಲ್ಲ ಕಡೆ ತೆಗೆದ ಎರಡು ಫೋಟೋ ತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ಕಾಲುಗಳಿದ್ದ, ಕಣ್ಣು ಹಚ್ಚಿ ನೋಡುವ ಜೋಡಿ ಕನ್ನಡಿ ಇಟ್ಟರು. ಎಲ್ಲರೂ ನೋಡಿದ ಮೇಲೆ ನಾನೂ ಬಗ್ಗಿ ನೋಡಿದೆ. ಮೊದಲು ಬರೀ ಬೂದು ಬಣ್ಣ. ಒಂದು ಗಳಿಗೆ ಬಿಟ್ಟು ನೆಲ ಉಬ್ಬಿ ಎದ್ದು ನಿಂತಿತು. ಗುಡ್ಡ ಗುಡ್ಡವಾಯಿತು, ಹಳ್ಳ ತಗ್ಗಾಯಿತು. ಕೆರೆ ಕರ್ರಗೆ ಕಂಡಿತು, ಅದರ ದಂಡೆಗೆ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ.

"ಇವು ಏನ್ರಿ?"

ಖಾದರಸಾಬ ಬಗ್ಗಿ ನೋಡಿದ. "ನಿಮ್ಮವರ ಯಾರೋ ಬಟ್ಟಿ ಒಣಗಹಾಕ್ಯಾರ ನೋಡು."

"ಒಣಗಹಾಕಿದಾಕಿ ಎಲ್ಲಿ?"

"ಆಕಿ ಕಾಣೂದಿಲ್ಲ. ಅಷ್ಟ ಎತ್ತರದಿಂದ ಮನುಷ್ಯಾರು ಕಾಣೂದಿಲ್ಲ ತಂಗಿ."

ಆಕೆ ಅವತ್ತು ಬೆನ್ನು ಮುರಿಯುವಷ್ಟು ಒಗೆದಿರಬೇಕು ಎಂದು ನನಗೆ ಅನಿಸಿತು. ಹೋಗುವಾಗ ಸಾಹೇಬರು ಒಂದು ಅಪ್ಪಣೆ ಮಾಡಿದರು: ಬೇರೆ ಬಿಳಿ ಬಟ್ಟೆಯನ್ನು ದಿನ್ನಿಯ ಆಸುಪಾಸು ಒಣಗಹಾಕಬಾರದು, ಫೋಟೋದಲ್ಲಿ ಗೊಂದಲವಾಗುತ್ತದೆ. ಊರಿನ ಹಸಿ ಬಟ್ಟೆಯನ್ನು ಆವತ್ತಿನಿಂದ ಹಳ್ಳ ದಾಟಿಸಿ ಆಚೆ ದಂಡೆಗೆ ಹೊತ್ತೊಯ್ದು ಒಣಗಹಾಕಿದವಳು ನಾನು. ಕತ್ತೆಗಳು ಕೂಡ ಆ ಕೆಸರಿಗೆ ಇಳಿಯಲಿಲ್ಲ.

ಆಮೇಲೆ ಕಾಯುವುದು. ಬಿಸಿಲು ಏರಿದ ಮೇಲೆ, ನೆರಳು ಉದ್ದವಾಗುವ ಮೊದಲು ವಿಮಾನ ಬರಬೇಕು. ದಿನಾ ಬೆಳಗ್ಗೆ ಸ್ವಚ್ಛ, ಊಟದ ಹೊತ್ತಿಗೆ ಗುಂಪು ಕಟ್ಟಿಕೊಂಡು ಮೋಡ. ಫಕೀರಪ್ಪ ಕೋಲು ಹಿಡಿದು ಆಡು, ನಾಯಿ, ಕಾಗೆಗಳನ್ನು ಓಡಿಸುತ್ತ ಕೂತಿರುತ್ತಿದ್ದ. ಕೆಸರು ಸಿಡಿದ ಪಟ್ಟಿಯನ್ನು ನಾನು ಒಂದೊಂದಾಗಿ ಒಯ್ದು ಒಗೆದು ಮತ್ತೆ ಹಾಸುತ್ತಿದ್ದೆ. ಜನ ನಗುತ್ತಿದ್ದರು. "ಏನೋ ಫಕೀರ್ಯಾ, ವಿಮಾನದ ಲಗ್ನ ಯಾವಾಗ?" ಎಂದು ಹೊಲಕ್ಕೆ ಹೋಗುವವರೆಲ್ಲ ಕೇಳುವವರೇ. "ನಿನ್ನ ಕರೀತೇನಿ ತಗೋ" ಎನ್ನುತ್ತಿದ್ದ.

ನಗದೆ ಇದ್ದವಳು ಒಬ್ಬಳೇ, ಗೌಡಶಾನಿ. ಊರ ಗೌಡರ ತಾಯಿ. ಹಾಸಿಗೆ ಹಿಡಿದು ಆಗಲೇ ಬಹಳ ದಿನವಾಗಿತ್ತು. ಆಕೆಯ ಹಾಸಿಗೆ ಬಟ್ಟೆಯನ್ನು ದಿನಾ ಒಯ್ಯುವವಳು ನಾನು, ಹಾಗಾಗಿ ಆಕೆಯ ಸ್ಥಿತಿ ಆಕೆಯ ಸೊಸೆಯರಿಗಿಂತ ನನಗೆ ಗೊತ್ತಿತ್ತು. ಎಷ್ಟು ದಿನ ಉಳಿದಾಳು ಎಂಬುದು ಬಟ್ಟೆಯಲ್ಲಿ ತಿಳಿಯುತ್ತದೆ. ಮೈ ಕರಗಿದ್ದರೂ ನಾಲಿಗೆ ಕರಗಿರಲಿಲ್ಲ.

"ಲೇ ನಿಂಗಿ, ನನ್ನ ಮಡಿ ಎಲ್ಲೈತಿ?"

"ದಿನ್ನಿ ಮ್ಯಾಲ ಐತ್ರಿ ಅವ್ವಾರ."

"ನಾ ಇನ್ನೂ ಸತ್ತಿಲ್ಲ, ಆಗಲೇ ಹಾಸೀರೇನ?"

"ನಿಮಗಲ್ರಿ, ವಿಮಾನಕ್ಕ."

"ಅದು ನೆಲಕ್ಕ ಕಾಲ ಇಡತೈತೇನ?"

"ಇಲ್ರಿ. ಮ್ಯಾಲಿಂದ ನೋಡಿ ಹೋಗತೈತಿ."

"ನೋಡಿ ಹೋಗಾಕ ಅಷ್ಟ ಬಟ್ಟಿ. ನಾ ತುಳಿದು ಹೋಗಾಕಿ, ನನಗಿಲ್ಲ."

ನಾನು ಎಲ್ಲ ಹೇಳಿದೆ. ಕೆಲಸದ್ದು, ಪಗಾರದ್ದು, ಬುಟ್ಟಿಯದು. ಗೌಡಶಾನಿಗೆ ಹೇಳುವ ಮಾತಲ್ಲ ಅದು. ಬುಟ್ಟಿಗೆ ರೊಟ್ಟಿ ಹಾಕುವವರಲ್ಲಿ ಮೊದಲ ಮನೆಯೇ ಅವರದು. ಆಕೆ ಕಣ್ಣು ಮುಚ್ಚಿಕೊಂಡು ಕೇಳಿದಳು. "ಒಂದ ನಾಕ ದಿನ ತಡೀರಿ ಅವ್ವಾರ" ಎಂದೆ.

"ತಡಿಯಾಕ ನಾ ಏನ ಬಸ್ಸೇನ, ಕೈ ಮಾಡಿದ್ರ ನಿಂದರಾಕ?"

ಆದರೂ ಆಕೆ ತಡೆದಳು. ಪಂಚಮಿ ಎಂದೋ ಆಗಿಹೋಗಿತ್ತು, ದಸರಾ ಮುಗಿಯಿತು, ದೀಪಾವಳಿ ಹತ್ತಿರ ಬಂತು. ನಾನು ದೇವರಿಗೆ ಕೈ ಮುಗಿಯುವುದು ಕಡಿಮೆ; ಆ ದಿನಗಳಲ್ಲಿ ಮಾತ್ರ ಆ ಮುದುಕಿಯ ಜೀವಕ್ಕಾಗಿ ದಿನಾ ಮುಗಿದೆ. ಪ್ರೀತಿಯಿಂದಲ್ಲ. ಒಂದು ಮಧ್ಯಾಹ್ನ, ಹೊರಗೆ ಮತ್ತೆ ಮೋಡ, ಆಕೆ ನನ್ನ ಸೆರಗು ಹಿಡಿದಳು. ಕೈ ಹುಲ್ಲಿನಷ್ಟು ಹಗುರ.

"ಹಂಗೇನರ ನಡುವ ಆದ್ರ, ಮಡಿ ಬ್ಯಾಡ ಅಂತ ದೊಡ್ಡಾಂವಗ ಹೇಳ್ತೇನಿ. ಬರೇ ನೆಲದ ಮ್ಯಾಲ ಒಯ್ಯಲಿ. ನೆಲ ನನ್ನ ಏನ ಕಚ್ಚತೈತಿ?"

ನಾನು ಆಕೆಯ ಕಾಲು ಮುಟ್ಟಿದೆ. ಮನೆಗೆ ಬಂದು ಫಕೀರಪ್ಪನಿಗೆ ಹೇಳಿದೆ. ಅವನು ಆವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಅದಾದ ಮೇಲೆ ಗಾಳಿ ತಿರುಗಿತು. ಬೆಳಗ್ಗೆ ಇಬ್ಬನಿ ಬಿತ್ತು, ತುಟಿ ಒಡೆಯುವ ಚಳಿ ಬಂತು. ಒಂದು ದಿನ ಎದ್ದು ಹೊರಗೆ ಬಂದರೆ ಆಕಾಶದಲ್ಲಿ ಎಲ್ಲಿಯೂ ಒಂದು ಎಳೆ ಮೋಡವಿಲ್ಲ. ಫಕೀರಪ್ಪ ಮುಖ ಕೂಡ ತೊಳೆಯದೆ ದಿನ್ನಿಗೆ ಓಡಿದ. ನಾನು ಒಲೆ ಹಚ್ಚುವ ಹೊತ್ತಿಗೆ ಗೌಡರ ಮನೆಯ ಕಡೆಯಿಂದ ಹಲಗೆಯ ಸದ್ದು ಬಂತು. ಹಬ್ಬದ ಹಲಗೆಯಲ್ಲ, ತಡೆದು ತಡೆದು ಬಡಿಯುವ ಹಲಗೆ. ಮಾವ ಎದ್ದು ರುಮಾಲು ಸುತ್ತಿಕೊಂಡ. ನನ್ನ ಮುಖ ನೋಡದೆ ದಿನ್ನಿಯ ದಾರಿ ಹಿಡಿದ.

ನಾನು ಹಿಂದೆಯೇ ಹೋದೆ. ಮಾವ ಆಗಲೇ ಕಲ್ಲು ಸರಿಸುತ್ತಿದ್ದ.

"ಅಪ್ಪಾ, ಮಧ್ಯಾಹ್ನತನಕ ತಡಿ. ಇವತ್ತು ಬರತೈತಿ. ಮ್ಯಾಲ ನೋಡ, ಇವತ್ತು ಬಂದ ಬರತೈತಿ" ಎಂದ ಫಕೀರಪ್ಪ.

"ಬಿಸಲ ಏರಿದ ಕೂಡಲೇ ಎತ್ತತಾರ. ನಾ ಮಧ್ಯಾಹ್ನತನಕ ತಡದ್ರ ಅವರು ತಡೀತಾರೇನ?"

"ಮುದುಕಿ ಬ್ಯಾಡ ಅಂದಾಳ. ಇಕಿ ಮುಂದ ಅಂದಾಳ."

ಮಾವ ನನ್ನ ಕಡೆ ತಿರುಗಿದ. "ಹೌದೇನವಾ? ಹಂಗಿದ್ರ ಹೋಗಿ ಗೌಡ್ರನ್ನ ಕೇಳ್ಕೊಂಡ ಬಾ. ಅವರು ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೇನಿ. ನಾ ಮೂಳ ಸವಿಸಿದ್ದು ಈ ಊರಾಗ. ಇಲ್ಲಿ ಯಾವ ದೊಡ್ಡ ಮನಿ ಹೆಣಾನೂ ನನ್ನ ಕಾಲದಾಗ ಬರೇ ನೆಲ ಕಂಡಿಲ್ಲ."

ಓಡಿದೆ. ಗೌಡಶಾನಿಯನ್ನು ಜಳಕ ಮಾಡಿಸಿ, ಹೊಸ ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ ಕಟ್ಟಿದ್ದರು. ಹಣೆಗೆ ವಿಭೂತಿ. ಆಕೆಯ ಹಿರಿಮಗ ದೊಡ್ಡಗೌಡರು ಕಟ್ಟೆಯ ಮೇಲೆ ನಿಂತಿದ್ದರು. ಹತ್ತಿರ ಹೋಗುವಂತಿಲ್ಲ, ಕೆಳಗೆ ನಿಂತು ಕೇಳಿದೆ.

"ಗೌಡ್ರ, ಅವ್ವಾರು ಮಡಿ ವಿಷಯ ಏನರ ಹೇಳಿದ್ರೇನ್ರಿ?"

ಅವರು ಅಳುತ್ತಿದ್ದವರು ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. "ಹೇಳ್ಯಾಳ. ನಿನ್ನಿ ಸಂಜಿಮುಂದ, ಅದ ಕಡೀ ಮಾತು. ದಿನ್ನಿ ಮ್ಯಾಲ ಬಿದ್ದು ಮಡಿ ಹೊಲಸಾಗೈತಿ, ಛಂದಂಗ ಒಗದು ಹಾಸಾಕ ಹೇಳ್ರಿ ಅಂದ್ಲು. ಒಗದೀರಿಲ್ಲ?"

"ಒಗದೇವ್ರಿ" ಎಂದೆ.

ಪಡಸಾಲೆಯ ಒಳಗೆ ಆಕೆ ನೆಟ್ಟಗೆ ಕೂತಿದ್ದಳು, ಬಾಯಿ ಮುಚ್ಚಿತ್ತು. ನನಗೆ ಸುಳ್ಳು ಹೇಳಿದಳೋ, ಮಧ್ಯಾಹ್ನ ಒಂದು ಅನಿಸಿ ಸಂಜೆ ಇನ್ನೊಂದು ಅನಿಸಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ನನಗೂ ಆಕೆಯಷ್ಟೇ ವಯಸ್ಸು. ಸಂಜೆಯಾದರೆ ನನಗೂ ಕೆಲವು ವಿಷಯ ಬೇರೆ ಅನಿಸುತ್ತವೆ. ಅಷ್ಟು ಮಾತ್ರ ಹೇಳಬಲ್ಲೆ.

ತಿರುಗಿ ಬಂದು ಮಾವನಿಗೆ ತಲೆ ಅಲ್ಲಾಡಿಸಿದೆ. ಅವನು ಪಟ್ಟಿಗಳನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ. ಫಕೀರಪ್ಪ ಅಪ್ಪನ ಕೈ ಹಿಡಿಯಲಿಲ್ಲ, ಕೂಗಲೂ ಇಲ್ಲ. ಮನೆಗೆ ಓಡಿ ಸುಣ್ಣದ ಚೀಲ ಹೊತ್ತು ತಂದ. ಬಟ್ಟೆ ಹಾಸಿದ ಮೇಲೆ ಅದನ್ನು ಯಾರೂ ನೋಡಿರಲಿಲ್ಲ. ಸೂರಿನ ಹನಿ ಬಿದ್ದು ಬಿದ್ದು ಕಲ್ಲಾಗಿತ್ತು. ಕೊಡಲಿಯ ಹಿಂಬದಿಯಿಂದ ಕುಟ್ಟಿದ, ಹೆಂಟೆ ಹೆಂಟೆಯಾಗಿ ಒಡೆಯಿತೇ ಹೊರತು ಪುಡಿಯಾಗಲಿಲ್ಲ. ಊರಿನ ಧೋತರ ಹಾಸೋಣವೆಂದರೆ ಗಂಡಸರೆಲ್ಲ ಮಣ್ಣಿಗೆ ಹೋಗಲು ಬಂದು ತಮ್ಮ ತಮ್ಮದನ್ನು ಒಯ್ದಿದ್ದರು. ಉಳಿದದ್ದು ಬಣ್ಣದ ಸೀರೆ. ಕೊನೆಗೆ ತನ್ನದೊಂದು ಧೋತರ, ಎರಡು ಟವೆಲ್ಲು, ನಮ್ಮ ಹೊದಿಕೆಯ ಒಳಗಿನ ಬಿಳಿ ಪದರ ಹರಿದು, ಅಷ್ಟನ್ನೇ ಅಡ್ಡ ಉದ್ದ ಹಾಸುತ್ತ ಇದ್ದ. ನಡೆಮಡಿಗೆ ಇಬ್ಬರು ಬೇಕು. ಅವನು ಬರುವುದಿಲ್ಲ ಎಂದು ಕೇಳದೆಯೇ ತಿಳಿಯಿತು. ನಾನು ಮಾವನ ಜೊತೆ ಹೋದೆ.

ಮಾವ ಮುಂದೆ ಹಾಸುವುದು, ನಾನು ಹಿಂದಿನಿಂದ ಎತ್ತಿಕೊಂಡು ಓಡಿಬಂದು ಅವನ ಕೈಗೆ ಕೊಡುವುದು. ಚುರುಮುರಿ, ಕುಂಕುಮ, ಚಿಲ್ಲರೆ ತೂರುತ್ತಿದ್ದರು. ಹೊತ್ತವರ ಕಾಲಿನ ಕೆಸರು ಬಟ್ಟೆಯ ತುಂಬ. ಊರ ಹೊರಗೆ ಬಂದು ಗೌಡರ ಹೊಲದ ದಾರಿ ಹಿಡಿಯುವಾಗ ಜನ ಒಬ್ಬೊಬ್ಬರಾಗಿ ಮೇಲೆ ನೋಡತೊಡಗಿದರು. ಹಲಗೆಯವರು ಬಡಿಯುವುದನ್ನು ನಿಧಾನ ಮಾಡಿದರು. ನಾನೂ ನೋಡಿದೆ. ಅಕ್ಕಿಕಾಳಿನಷ್ಟು ಒಂದು ಬೆಳಕು, ಹಾರುವ ಹಾಗೆ ಕಾಣಲಿಲ್ಲ, ಯಾರೋ ದಾರ ಹಿಡಿದು ಮೆಲ್ಲಗೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಸದ್ದು ಅದರ ಹಿಂದೆ, ಬಹಳ ಹಿಂದೆ ಬಂತು.

"ಮ್ಯಾಲ ನೋಡಬ್ಯಾಡ" ಎಂದ ಮಾವ. "ಯವ್ವಾ, ಹಿಂದಿಂದು ಎತ್ತು. ಅವರು ನಿಂದರೂದಿಲ್ಲ."

ಎತ್ತಿದೆ. ಕೊಟ್ಟೆ. ಅವನು ಹಾಸಿದ.

ಸಂಜೆ ಖಾದರಸಾಬ ಸೈಕಲ್ಲಿನಲ್ಲಿ ಸವಣೂರಿನ ಖಾರಾ ತಿಂಡಿಯ ಪೊಟ್ಟಣ ಕಟ್ಟಿಕೊಂಡು ಬಂದ. ದಿನ್ನಿಯ ದಾರಿಯಿಂದಲೇ ಬಂದಿದ್ದರಿಂದ ಕಟ್ಟೆಗೆ ಬರುವ ಹೊತ್ತಿಗೆ ಮುಖ ಇಳಿದಿತ್ತು. ಪೊಟ್ಟಣ ನನ್ನ ಕೈಗೆ ಕೊಟ್ಟ, ಕೂತ.

"ನಾಳಿ ಮತ್ತ ಬರೂದಿಲ್ಲೇನ್ರಿ?" ಎಂದ ಫಕೀರಪ್ಪ.

"ಈ ಕಡೀದು ಮುಗೀತಪ್ಪ. ನಾಳಿ ಹಿರೇಕೆರೂರ ಮ್ಯಾಲ."

ಚಳಿಗಾಲ ಕಳೆಯುವ ಹೊತ್ತಿಗೆ ಖಾದರಸಾಬ ಮತ್ತೊಮ್ಮೆ ಬಂದ. ಡೇರೆ ಕಿತ್ತು ಹೊರಟಿದ್ದರು, ತಡಸದವನನ್ನು ಖಲಾಸಿಯಾಗಿ ತೆಗೆದುಕೊಂಡಿದ್ದರು. ಸಾಹೇಬರಿಂದ ಕೇಳಿ ನಮ್ಮೂರಿನ ಫೋಟೋವನ್ನೂ ಜೋಡಿ ಕನ್ನಡಿಯನ್ನೂ ತಂದಿದ್ದ. ನೋಡಿದೆ. ದಿನ್ನಿ ಕರ್ರಗೆ ಬೋಳಾಗಿ ನಿಂತಿತ್ತು. ಗೌಡರ ಹೊಲದ ದಾರಿಯಲ್ಲಿ ಒಂದು ಬಿಳಿ ಎಳೆ, ಉಗುರಿನಿಂದ ಗೀರಿದಷ್ಟು.

"ಇದು ಏನಂತ ಸಾಹೇಬ್ರು ಕೇಳಿದ್ರು. ಗೊತ್ತಿಲ್ರಿ ಅಂದೆ" ಎಂದ.

ಊರಿಗೆ ಊರೇ ಆ ಹೊತ್ತಿನಲ್ಲಿ ಆ ದಾರಿಯಲ್ಲಿತ್ತು. ಫೋಟೋದಲ್ಲಿ ಒಬ್ಬರೂ ಇಲ್ಲ. ಗೌಡಶಾನಿ ಇಲ್ಲ, ಹೊತ್ತವರಿಲ್ಲ, ನಾನಿಲ್ಲ.

ಫಕೀರಪ್ಪ ಕನ್ನಡಿಗೆ ಕಣ್ಣು ಹಚ್ಚಲಿಲ್ಲ. "ದಿನ್ನಿ ಮ್ಯಾಲ ನನ್ನ ಧೋತರ ಕಾಣತೈತೇನ್ರಿ?" ಎಂದು ಕೇಳಿದ.

"ಇಲ್ಲಪ್ಪ."

"ನಕಾಶಿ ಕೆಟ್ಟಿತೇನು?"

"ಇಲ್ಲ. ಗುರ್ತಿನ ಬದ್ಲಿ ಗೌಡ್ರ ಬಾವಿ ಮೂಲಿ ಹಿಡದು ಮಾಡಿದ್ರು. ಹತ್ತ ಕಡೆ ಗುರ್ತು ಹಾಕಿದ್ರ ಒಂದೆರಡು ಹೋದ್ರೂ ನಡೀತೈತಿ."

ಫಕೀರಪ್ಪ ಎದ್ದು ಕತ್ತೆಗಳಿಗೆ ನೀರು ಕುಡಿಸಲು ಹೋದ. ಆಮೇಲೆ ನಲವತ್ತು ವರ್ಷ ಈ ಊರಿನ ಬಟ್ಟೆ ಒಗೆದ, ಇಸ್ತ್ರಿ ಮಾಡಿದ. ಕುಡಿಯಲಿಲ್ಲ, ನನ್ನನ್ನು ಹೊಡೆಯಲಿಲ್ಲ. ನಡೆಮಡಿಯನ್ನು ಮಾತ್ರ ಮತ್ತೆ ಕೈಯಿಂದ ಮುಟ್ಟಲಿಲ್ಲ. ಮಾವ ಸತ್ತ ಮೇಲೆ ನಾನೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹಾಸಿದೆ. ಈಗ ಆ ರೂಢಿಯೂ ಹೋಯಿತು, ಮದುವೆಗೆ ಶಾಮಿಯಾನದವರು ಕೆಂಪು ಚಾಪೆ ತರುತ್ತಾರೆ, ಹೆಣಕ್ಕೆ ಟ್ರ್ಯಾಕ್ಟರ್ ಇದೆ. ಬುಟ್ಟಿಯನ್ನು ನಾನು ಬಿಟ್ಟದ್ದು ಊರಿನವರು ಹಾಕುವುದನ್ನು ಬಿಟ್ಟ ಮೇಲೆ. ಫಕೀರಪ್ಪನನ್ನು ನಾವು ನಾಲ್ಕು ಜನ ಬರೇ ನೆಲದ ಮೇಲೆ ಒಯ್ದೆವು.

ಮೊನ್ನೆಯ ಡ್ರೋನ್ ಜೇನಿನ ಹಾಗೆ ಗುಂಯ್ ಎನ್ನುತ್ತ ಬಂತು, ನಮ್ಮ ಮಾಳಿಗೆಯಿಂದ ನಾಲ್ಕು ಆಳು ಎತ್ತರದಲ್ಲೇ ನಿಂತಿತು, ಹೋಯಿತು. ಇಷ್ಟು ಹತ್ತಿರದಿಂದ ಹಿಡಿದರೆ ಹೊಸ್ತಿಲ ಮೇಲೆ ಕೂತವಳೂ ಫೋಟೋದಲ್ಲಿ ಬಂದಿರಬೇಕು. ಕೇಳಲು ಹೋಗಲಿಲ್ಲ.

ಗೌಡಶಾನಿಯ ಮಣ್ಣಾದ ಮರುದಿನ ಬೆಳಗ್ಗೆ ಫಕೀರಪ್ಪ ಹಾಸಿಗೆ ಬಿಟ್ಟು ಏಳಲಿಲ್ಲ. ನಾನು ಎದ್ದು ಮಡಿಯ ಗಂಟನ್ನು ಹಳ್ಳಕ್ಕೆ ಒಯ್ದೆ. ಕುಂಕುಮ ಒಂದೇ ಸಲಕ್ಕೆ ಹೋಯಿತು. ಎರೆಮಣ್ಣಿನ ಹೆಜ್ಜೆಗಳು ಹೋಗಲಿಲ್ಲ, ಸವಳು ಮಣ್ಣು ಹಚ್ಚಿ ಎರಡು ಸಲ ಬಡಿಯಬೇಕಾಯಿತು. ಆಕಾಶ ಹಿಂದಿನ ದಿನದಂತೆಯೇ ಇತ್ತು. ಹಳ್ಳದಾಚೆಗೆ ಹೊರುವ ಕೆಲಸ ಇನ್ನು ಇರಲಿಲ್ಲ, ಹತ್ತಿರದ ದಿನ್ನಿಗೇ ಒಯ್ದೆ. ಅಷ್ಟು ದಿನ ಬಟ್ಟೆಯ ಕೆಳಗಿದ್ದ ಹುಲ್ಲು ಬಿಸಿಲು ಕಾಣದೆ ಹಳದಿಯಾಗಿ, ಗುರುತು ಹಾಗೇ ನೆಲದಲ್ಲಿ ಮೂಡಿತ್ತು. ಅದರ ಮೇಲೆಯೂ ಆಚೆ ಈಚೆಯೂ, ಎಲ್ಲಿ ಬಿಸಿಲು ಚೆನ್ನಾಗಿತ್ತೋ ಅಲ್ಲೆಲ್ಲ ಪಟ್ಟಿಗಳನ್ನು ಹರವಿ ಕಲ್ಲಿಟ್ಟೆ. ಆಮೇಲೆ ಗೌಡರ ಮನೆಗೆ ಹೋದೆ. ಮುದುಕಿಯ ಹಾಸಿಗೆ ಬಟ್ಟೆ ಒಗೆಯಲು ತರಬೇಕಾಗಿತ್ತು.